ಬದನೆಯ ಹೆಸರಿನಲ್ಲಿರುವ ಊರು
(ಮದ್ದೂರಿನಲ್ಲಿ ಮಾಡಿದ ಭಾಷಣದ ಬರಹರೂಪ)



ಭತ್ತ, ಕಬ್ಬುಗಳ ಸೀಮೆಗೆ ಮಲೆನಾಡಿನಿಂದ ಬಂದು ಬದನೆಯ ಮಾತನ್ನಾಡುತ್ತಿರುವುದಕ್ಕೆ ಕ್ಷಮೆಯಿರಲಿ. ಬೀಜವು ಯಾರ ಸೊತ್ತು ಎಂಬ ಪ್ರಶ್ನೆ ನಮ್ಮ ರಾಜ್ಯದಲ್ಲಿ ನ್ಯಾಯಾಲಯದ ಮೆಟ್ಟಿಲೇರಿದ್ದು ಬದನೆಯ ದೆಸೆಯಿಂದ.

ಮಾಹಿಕೋ ಕಂಪನಿಯ ಬಿಟಿ ಜೀನನ್ನು ಧಾರವಾಡದ ಕೃಷಿ ವಿಶ್ವವಿದ್ಯಾಲಯದ ಸಹಯೋಗದೊಡನೆ ಕರ್ನಾಟಕದ ಆರು ಬದನೆ ತಳಿಗಳಿಗೆ ಸೇರಿಸಲಾಯಿತು. ಕುಡಚಿ, ಮಲಾಪುರ, ರಬಕವಿ, ಉಡುಪಿ: ಆ ತಳಿಗಳ ಹೆಸರಿನಲ್ಲಿಯೇ ಊರುಗಳಿವೆ. 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ವಿದೇಶಿ ಪಾಲು ಇರುವ ಕಂಪನಿಯು ಇಂಥ ಸಂಪನ್ಮೂಲವನ್ನು ಬಳಸುವ ಮುನ್ನ ಚೆನ್ನೈನ ರಾಷ್ಟ್ರೀಯ ಪ್ರಾಧಿಕಾರದ ಒಪ್ಪಿಗೆ ಪಡೆಯಬೇಕಿತ್ತು. ಪ್ರಾಧಿಕಾರವು ಸ್ಥಳೀಯ ಸಮಿತಿಗಳೊಡನೆ ಸಮಾಲೋಚಿಸಬೇಕು. ಇದಾವುದೂ ನಡೆದಿಲ್ಲವೆಂದು ಬೆಂಗಳೂರಿನ ಎನ್ವಿರಾನ್‌ಮೆಂಟ್ ಸಪೋರ್ಟ್ ಗ್ರೂಪ್ 2010ರ ಫೆಬ್ರವರಿಯಲ್ಲಿ ದೂರು ಕೊಟ್ಟಿತು. 2012ರಲ್ಲಿ ಧಾರವಾಡದ ನ್ಯಾಯಾಲಯದಲ್ಲಿ ಕ್ರಿಮಿನಲ್ ದೂರು ದಾಖಲಾಯಿತು. ಬಿಟಿ ಬದನೆಗೆ ಸಚಿವ ಜೈರಾಮ್ ರಮೇಶ್ 2010ರಲ್ಲಿ ಒಡ್ಡಿದ ತಡೆಯು ಮುಖ್ಯವಾಗಿ ಸುರಕ್ಷತೆಯ ವಿಚಾರ. ಇದು ಒಡೆತನದ ವಿಚಾರ. ಎರಡನ್ನೂ ಬೆರೆಸಬಾರದು.

ಸಾರ್ವಜನಿಕ ಸಂಸ್ಥೆಯ ಸಂಗ್ರಹದಲ್ಲಿರುವ ಬೀಜಕ್ಕೆ ಮತ್ತಾರನ್ನು ಕೇಳಬೇಕು? ನನ್ನ ವೃತ್ತಿಯ ಅನೇಕರ ಪ್ರಶ್ನೆಯಿದು. ಒಂದು ಕಾಲಕ್ಕೆ ನನ್ನದೂ ಆಗಿತ್ತು. ಆದರೆ ಕಾವಲುಗಾರನು ಒಡೆಯನಲ್ಲ. ನಾವು ತಳಿ ಸಂಗ್ರಹಿಸುವಾಗ ಊರು, ದಿನಾಂಕ, ಸಂಖ್ಯೆಗಳನ್ನು ಬರೆದುಕೊಳ್ಳುತ್ತೇವೆ. ಬೂದಿ ಬೆರೆಸಿ ಮಡಕೆಯಲ್ಲಿ ಬೀಜ ಕಾದಿಟ್ಟ ತಾಯಿಯ ಹೆಸರನ್ನು ಬರೆದುಕೊಳ್ಳುವುದು ಅಪರೂಪ. ಮುಂದೆ ಕಾಗದದಲ್ಲಿ ಸಂಖ್ಯೆ ಮಾತ್ರ ಉಳಿಯುತ್ತದೆ.

ಉಡುಪಿಯ ಮಟ್ಟು ಗುಳ್ಳಕ್ಕೆ 2011ರಲ್ಲಿ ಭೌಗೋಳಿಕ ಸೂಚಕ ದೊರೆಯಿತು. ವಾದಿರಾಜರ ಐತಿಹ್ಯ, ಕೃಷ್ಣಮಠದ ಅಡುಗೆಗಳೊಡನೆ ಬೆರೆತ ಕಾಯಿಯದು. ಸಂತೋಷವೇ, ಆದರೆ ಆ ಕಾನೂನು ರಕ್ಷಿಸುವುದು ಹೆಸರನ್ನು, ಬೀಜದೊಳಗಿನ ಜೀನನ್ನಲ್ಲ.

ಕಂಪನಿಯ ಹಕ್ಕಿಗೆ ದಾರಿ ಎಷ್ಟು ನೇರವೆಂಬುದನ್ನು ನೋಡಿ. 2019ರಲ್ಲಿ ಪೆಪ್ಸಿಕೋ ತನ್ನ ಆಲೂಗಡ್ಡೆ ತಳಿಯನ್ನು ಬೆಳೆದರೆಂದು ಗುಜರಾತಿನ ರೈತರ ಮೇಲೆ ದಾವೆ ಹೂಡಿ, ಕೆಲವರಿಂದ ತಲಾ ಒಂದು ಕೋಟಿಗೂ ಮಿಗಿಲಾದ ಪರಿಹಾರ ಕೇಳಿತು. ಪ್ರತಿಭಟನೆಯ ನಂತರ ದಾವೆಗಳನ್ನು ಹಿಂತೆಗೆದುಕೊಂಡಿತು. ಬೀಜವನ್ನು ಉಳಿಸುವ, ಬಿತ್ತುವ, ಹಂಚಿಕೊಳ್ಳುವ ರೈತನ ಹಕ್ಕು 2001ರ ಕಾಯ್ದೆಯ 39ನೇ ಕಲಮಿನಲ್ಲಿಯೇ ಇದೆ. ಮಾನವ ಹಕ್ಕುಗಳನ್ನು ಗೌರವಿಸುವುದು ಕಂಪನಿಗಳ ಹೊಣೆಯೆಂದು 2011ರಲ್ಲಿ ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಮಂಡಳಿಯೂ ಒಪ್ಪಿತು. ಆದರೆ ಆ ಮಾರ್ಗದರ್ಶಿ ತತ್ತ್ವಗಳಿಗೆ ಕಾನೂನಿನ ಬಲವಿಲ್ಲ. ನಮ್ಮಲ್ಲಿದ್ದ ಬಲವೂ ಸಡಿಲಾಗಿದೆ: 2023ರ ತಿದ್ದುಪಡಿಯು ಜೀವವೈವಿಧ್ಯ ಕಾಯ್ದೆಯಿಂದ ಸೆರೆವಾಸವನ್ನು ತೆಗೆದು ದಂಡವನ್ನಿಟ್ಟಿತು. ದೊಡ್ಡ ಕಂಪನಿಗೆ ದಂಡವೆಂದರೆ ಖರ್ಚಿನ ಬಾಬ್ತು.

ಉಳಿದಿರುವುದು 41ನೇ ಕಲಮು. ಪ್ರತಿ ಪಂಚಾಯಿತಿಯಲ್ಲಿಯೂ ಜೀವವೈವಿಧ್ಯ ನಿರ್ವಹಣಾ ಸಮಿತಿಯಿರಬೇಕು, ಅದರ ಬಳಿ ಜನತಾ ದಾಖಲಾತಿಯಿರಬೇಕು. ನಿಮ್ಮ ನೆರೆಯ ಕಿರುಗಾವಲಿನಲ್ಲಿ ಸೈಯದ್ ಘನಿ ಖಾನ್ ಅವರು ನೂರಾರು ನಾಟಿ ಭತ್ತಗಳನ್ನು ಉಳಿಸಿಕೊಂಡಿದ್ದಾರೆ. ವಿದ್ಯಾರ್ಥಿಗಳೆ, ಮೊದಲು ಅಲ್ಲಿಗೆ ಹೋಗಿ ಬನ್ನಿ. ಬಳಿಕ ನಿಮ್ಮ ಪಂಚಾಯಿತಿಗೆ ಹೋಗಿ ಆ ದಾಖಲಾತಿಯನ್ನು ತೋರಿಸಿರೆಂದು ಕೇಳಿ. ರಾಜಮುಡಿಯ ಎದುರು ಯಾರ ಹೆಸರು ಬರೆದಿದೆಯೆಂದು ನೋಡಿ. ಬರೆದಿಲ್ಲವಾದರೆ ಅಜ್ಜಿಯಂದಿರನ್ನು ಕೇಳಿ ನೀವೇ ಬರೆಸಿ.