ಗಗನಯಾತ್ರಿಗೆ ಪಾಠ ಹೇಳುವ ಯಂತ್ರ



ನಮ್ಮ ಅರಭಾವಿಯ ಕಡೆ ಹುಡುಗರಿಗೆ ಬಾವಿಯಲ್ಲಿ ಈಜು ಕಲಿಸುವ ರೂಢಿಯುಂಟು. ಹುಡುಗನ ನಡುವಿಗೆ ಹಗ್ಗ ಕಟ್ಟಿ ನೀರಿಗಿಳಿಸಿ, ಹಿರಿಯನೊಬ್ಬನು ದಂಡೆಯ ಮೇಲೆ ಅದರ ತುದಿ ಹಿಡಿದು ನಿಲ್ಲುತ್ತಾನೆ. ಹಗ್ಗವನ್ನು ಬಿಗಿಹಿಡಿದರೆ ಹುಡುಗನು ಈಜು ಕಲಿಯಲಾರ. ತೀರ ಸಡಿಲ ಬಿಟ್ಟರೆ ಮುಳುಗಿಯಾನು. ಗುರುವಿನ ವಿದ್ಯೆಯೆಲ್ಲ ಆ ಕೈಯ ಹದದಲ್ಲಿದೆ. ಗಗನಯಾತ್ರಿಗಳ ತರಬೇತಿಗಾಗಿ ಯಂತ್ರಗಳನ್ನು ನಿರ್ಮಿಸುವ ಇಂಜಿನಿಯರರು ಈ ಹದವನ್ನೇ ಲೋಹಕ್ಕೆ ಕಲಿಸಬೇಕಾಗುತ್ತದೆ.

ಅಮೇರಿಕೆಯ ಹ್ಯೂಸ್ಟನ್ ನಗರದ ಜಾನ್ಸನ್ ಅಂತರಿಕ್ಷ ಕೇಂದ್ರದಲ್ಲಿ ‘ಆರ್ಗೋಸ್’ ಎಂಬ ಯಂತ್ರವಿದೆ. ಎತ್ತರದ ಹಳಿಗಳ ಮೇಲೆ ಸರಿದಾಡುತ್ತ ಅದು ಯಾತ್ರಿಯನ್ನು ಉಕ್ಕಿನ ಹಗ್ಗದಿಂದ ಎತ್ತಿ ಹಿಡಿಯುತ್ತದೆ. ಚಂದ್ರನ ಮೇಲೆ ನಮ್ಮ ಭಾರವು ಇಲ್ಲಿಯದರ ಆರರಲ್ಲಿ ಒಂದು ಪಾಲು. ಆದುದರಿಂದ 72 ಕಿಲೋ ತೂಗುವವನ 60 ಕಿಲೋ ಭಾರವನ್ನು ಯಂತ್ರವೇ ಹೊರುತ್ತದೆ; ಅವನ ಕಾಲಿಗೆ ಉಳಿಯುವುದು 12 ಕಿಲೋ. ಆತ ನಡೆದರೆ ಅದೂ ಸರಿಯಬೇಕು, ನೆಗೆದರೆ ಹಗ್ಗವನ್ನು ಸುತ್ತಿಕೊಳ್ಳಬೇಕು. ಕ್ಷಣಮಾತ್ರ ಹಿಂದೆ ಬಿದ್ದರೂ ಅವನ ದೇಹ ತಪ್ಪು ಪಾಠ ಕಲಿಯುತ್ತದೆ. ಕಲಿಯದವನಿಗಿಂತ ತಪ್ಪು ಕಲಿತವನಿಗೇ ಅಪಾಯ ಹೆಚ್ಚು. ಚಂದ್ರಲೋಕದಲ್ಲಿ ಪಕ್ಕಕ್ಕೆ ನಿಂತು ತಿದ್ದುವ ಉಪಾಧ್ಯಾಯರಿಲ್ಲ!

ಇನ್ನೊಂದು ಬಗೆಯ ಯಂತ್ರವಿದೆ. ಅದು ಮನುಷ್ಯನಿಗಿಂತ ಮೊದಲು ತಾನೇ ಹೋಗಿ, ದಾರಿಯನ್ನು ಪರೀಕ್ಷಿಸತಕ್ಕದ್ದು. ಇಸ್ರೋ ಸಂಸ್ಥೆಯು 2020ರ ಜನವರಿಯಲ್ಲಿ ಬೆಂಗಳೂರಿನಲ್ಲಿ ತೋರಿಸಿದ ‘ವ್ಯೋಮಮಿತ್ರ’ ಅಂಥದು. ಕಾಲಿಲ್ಲದ, ಸ್ತ್ರೀರೂಪದ ಈ ಯಂತ್ರಕ್ಕೆ ನೌಕೆಯ ಸ್ಥಿತಿಗತಿಗಳನ್ನು ಗಮನಿಸುವ, ಕೆಡುಕಾದರೆ ಎಚ್ಚರಿಸುವ ಕೆಲಸವನ್ನು ವಹಿಸಲಾಗಿದೆ. ಗೆಳೆಯನೆಂಬ ಅರ್ಥದಲ್ಲಿ ‘ಮಿತ್ರ’ ಶಬ್ದವು ಸಂಸ್ಕೃತದಲ್ಲಿ ನಪುಂಸಕಲಿಂಗ. ಯಂತ್ರಕ್ಕೆ ವ್ಯಾಕರಣವೂ ಒಪ್ಪುವ ಹೆಸರೇ ದೊರೆತಿದೆ.

ಮನುಷ್ಯರ ಅಂತರಿಕ್ಷಯಾನಕ್ಕಾಗಿಯೇ ಇಸ್ರೋದ ಕೇಂದ್ರವೊಂದು 2019ರಲ್ಲಿ ಬೆಂಗಳೂರಿನಲ್ಲಿ ಆರಂಭವಾಯಿತು. ಆ ನಗರದಲ್ಲಿಯೂ ತರಬೇತಿ ಪಡೆದ ಶುಭಾಂಶು ಶುಕ್ಲಾ ಅವರು 2025ರ ಜೂನ್ ತಿಂಗಳಲ್ಲಿ ಅಂತರರಾಷ್ಟ್ರೀಯ ಅಂತರಿಕ್ಷ ನಿಲ್ದಾಣವನ್ನು ತಲುಪಿದರು. ಅವರ ಹೆಸರನ್ನು ನಮ್ಮ ಮಕ್ಕಳೆಲ್ಲ ಬಲ್ಲರು. ಯಾತ್ರಿಗಳನ್ನು ನೆಲದ ಮೇಲೆಯೇ ಸಾವಿರ ಸಲ ತಪ್ಪಲು ಬಿಟ್ಟು, ತಿದ್ದಿ, ಅಣಿಗೊಳಿಸುವ ಯಂತ್ರಗಳ ಕರ್ತೃಗಳನ್ನು ಬಲ್ಲವರು ವಿರಳ.

ಹಾಗೆಂದು ಆ ಉದ್ಯೋಗ ಕಿರಿದಲ್ಲ. ಗಣಿತ, ಯಂತ್ರಶಾಸ್ತ್ರ, ವಿದ್ಯುತ್ತು, ಗಣಕಯಂತ್ರ, ಮನುಷ್ಯನ ದೇಹಧರ್ಮ ಇವೆಲ್ಲವೂ ಅದಕ್ಕೆ ಬೇಕು. ತೂಕವೆಂದರೇನು, ಬಲವೆಂದರೇನು ಎಂದು ಹಳ್ಳಿಯ ಮಗುವೊಂದು ಕೇಳಿದಾಗ ‘ಸುಮ್ಮನಿರು’ ಎನ್ನಬೇಡಿರಿ. ಈ ವಿದ್ಯೆಯ ಮೊದಲ ಪಾಠ ಆ ಪ್ರಶ್ನೆಯಲ್ಲಿಯೇ ಇದೆ.