ಕಾಂಕ್ರೀಟು ಚಾವಣಿಯಲ್ಲಿ ಉಕ್ಕಿನ ಸರಳುಗಳು: ಅಂದಾಜು ಮತ್ತು ಎಚ್ಚರ

ಮನೆ ಕಟ್ಟಿಸುವ ಕುಟುಂಬವು ಸಾಮಾನ್ಯವಾಗಿ ತನ್ನ ಬಹುಕಾಲದ ಉಳಿತಾಯವನ್ನು ಅದಕ್ಕಾಗಿ ವಿನಿಯೋಗಿಸುತ್ತದೆ. ಆದರೆ ಚಾವಣಿಗೆ ಕಾಂಕ್ರೀಟು ಸುರಿದ ಮೇಲೆ ಒಳಗಿರುವ ಉಕ್ಕು ಯಾರ ಕಣ್ಣಿಗೂ ಕಾಣುವುದಿಲ್ಲ. ಆದುದರಿಂದ ಸರಳುಗಳ ಲೆಕ್ಕವನ್ನು ಮೊದಲೇ ತಿಳಿದು, ಕಾಂಕ್ರೀಟು ಹಾಕುವ ಮುನ್ನ ಪರಿಶೀಲಿಸುವುದು ಅವಶ್ಯಕ.

ಕಾಂಕ್ರೀಟು ಒತ್ತಡವನ್ನು ಚೆನ್ನಾಗಿ ತಾಳಿಕೊಳ್ಳುತ್ತದೆ, ಎಳೆತವನ್ನು ತಾಳಲಾರದು. ಎರಡು ಗೋಡೆಗಳ ಮೇಲೆ ಕುಳಿತ ಚಾವಣಿಯು ಭಾರಕ್ಕೆ ಬಾಗಿದಾಗ ಅದರ ಕೆಳಮೈ ಎಳೆತಕ್ಕೆ ಒಳಗಾಗುತ್ತದೆ. ಮುಖ್ಯ ಸರಳುಗಳನ್ನು ಕೆಳಭಾಗದಲ್ಲಿ ಇಡುವುದು ಈ ಕಾರಣದಿಂದಲೇ. ಚಾವಣಿಯ ಉದ್ದವು ಅಗಲದ ಎರಡರಷ್ಟಕ್ಕಿಂತ ಹೆಚ್ಚಾಗಿದ್ದರೆ ಮುಖ್ಯ ಸರಳುಗಳು ಅಗಲದ ದಿಕ್ಕಿನಲ್ಲಿರುತ್ತವೆ. ಅವುಗಳಿಗೆ ಅಡ್ಡಲಾಗಿ ಕಟ್ಟುವ ಹಂಚಿಕೆ ಸರಳುಗಳು ಭಾರವನ್ನು ಹರಡುತ್ತವೆ ಹಾಗೂ ಬಿರುಕುಗಳನ್ನು ಹತೋಟಿಯಲ್ಲಿಡುತ್ತವೆ.

ಉಕ್ಕಿನ ತೂಕವನ್ನು ಕಂಡುಹಿಡಿಯುವ ಸೂತ್ರ ಸರಳವಾದುದು. ಸರಳಿನ ವ್ಯಾಸವನ್ನು ಮಿಲಿಮೀಟರುಗಳಲ್ಲಿ ತೆಗೆದುಕೊಂಡು, ಅದರ ವರ್ಗವನ್ನು 162ರಿಂದ ಭಾಗಿಸಿದರೆ ಒಂದು ಮೀಟರ್ ಉದ್ದದ ತೂಕವು ಕಿಲೋಗ್ರಾಂಗಳಲ್ಲಿ ದೊರೆಯುತ್ತದೆ. ಇದರಂತೆ 8 ಮಿ.ಮೀ. ಸರಳು ಮೀಟರಿಗೆ 0.395 ಕಿ.ಗ್ರಾಂ., 10 ಮಿ.ಮೀ. ಸರಳು 0.617 ಕಿ.ಗ್ರಾಂ. ತೂಗುತ್ತವೆ.

ಉದಾಹರಣೆಗೆ, 7.55 ಮೀಟರ್ ಉದ್ದ, 3.05 ಮೀಟರ್ ಅಗಲ, 120 ಮಿ.ಮೀ. ದಪ್ಪದ ಚಾವಣಿಗೆ ಎಂಜಿನಿಯರರ ನಕ್ಷೆಯಲ್ಲಿ 10 ಮಿ.ಮೀ. ಮುಖ್ಯ ಸರಳುಗಳನ್ನು 150 ಮಿ.ಮೀ. ಅಂತರದಲ್ಲಿ, 8 ಮಿ.ಮೀ. ಹಂಚಿಕೆ ಸರಳುಗಳನ್ನು 250 ಮಿ.ಮೀ. ಅಂತರದಲ್ಲಿ ಸೂಚಿಸಿದೆ ಎಂದಿಟ್ಟುಕೊಳ್ಳಬಹುದು. ನಾಲ್ಕು ಅಂಚುಗಳಲ್ಲಿಯೂ 25 ಮಿ.ಮೀ. ಬಿಟ್ಟರೆ ಉಳಿಯುವ ಅಳತೆ 7.50 ಮತ್ತು 3.00 ಮೀಟರ್. 7.50ನ್ನು 0.15ರಿಂದ ಭಾಗಿಸಿ ಒಂದನ್ನು ಕೂಡಿಸಿದರೆ ಮುಖ್ಯ ಸರಳುಗಳು 51. ಅವುಗಳ ಒಟ್ಟು ಉದ್ದ 153 ಮೀಟರ್, ತೂಕ ಸುಮಾರು 94.4 ಕಿ.ಗ್ರಾಂ. ಹಾಗೆಯೇ ಹಂಚಿಕೆ ಸರಳುಗಳು 13. ಒಟ್ಟು ಉದ್ದ 97.5 ಮೀಟರ್, ತೂಕ ಸುಮಾರು 38.5 ಕಿ.ಗ್ರಾಂ. ಒಟ್ಟಾರೆ ಸುಮಾರು 133 ಕಿ.ಗ್ರಾಂ. ಕೊಕ್ಕೆ, ಬಾಗು, ಜೋಡಣೆ, ಗೋಡೆಯ ಬಳಿ ಮೇಲ್ಭಾಗದಲ್ಲಿ ಬೇಕಾಗುವ ಸರಳು ಮತ್ತು ಕತ್ತರಿಸುವಾಗ ಉಳಿಯುವ ತುಂಡುಗಳನ್ನು ಇದಕ್ಕೆ ಪ್ರತ್ಯೇಕವಾಗಿ ಸೇರಿಸಬೇಕು.

ಇದೇ ಚಾವಣಿಯಲ್ಲಿ ಮುಖ್ಯ ಸರಳುಗಳ ಅಂತರವನ್ನು 200 ಮಿ.ಮೀ.ಗೆ ಹಿಗ್ಗಿಸಿದರೆ 51ರ ಬದಲು 39 ಸರಳುಗಳೇ ಸಾಕಾಗುತ್ತವೆ. ಉಳಿತಾಯವಾಗುವುದು ಕೇವಲ 22 ಕಿ.ಗ್ರಾಂ. ಉಕ್ಕು. ಆದರೆ ಪ್ರತಿ ಮೀಟರಿನಲ್ಲಿ ಎಳೆತವನ್ನು ಹೊರುವ ಉಕ್ಕು ಕಾಲುಭಾಗದಷ್ಟು ಕುಗ್ಗುತ್ತದೆ. ನಕ್ಷೆಯಲ್ಲಿರುವ ಅಂತರವನ್ನು ಮೇಸ್ತ್ರಿಯಾಗಲಿ ಮನೆಯ ಒಡೆಯನಾಗಲಿ ತಾನೇ ಬದಲಿಸಬಾರದು.

ತೂಕ ಸರಿಯಿದ್ದರೆ ಮಾತ್ರ ಸಾಲದು, ಸ್ಥಾನವೂ ಸರಿಯಿರಬೇಕು. ಹೊರಚಾಚಿದ ಬಾಲ್ಕನಿ ಮತ್ತು ಸಜ್ಜಗಳಲ್ಲಿ ಎಳೆತವು ಮೇಲ್ಮೈಯಲ್ಲಿರುವುದರಿಂದ ಮುಖ್ಯ ಸರಳುಗಳೂ ಮೇಲ್ಭಾಗದಲ್ಲಿಯೇ ಇರಬೇಕು. ಕೆಲಸಗಾರರ ತುಳಿತಕ್ಕೆ ಅವು ಕೆಳಗಿಳಿದರೆ, ಉಕ್ಕು ಒಂದು ಗ್ರಾಂ ಕಡಿಮೆಯಾಗದಿದ್ದರೂ ಬಾಲ್ಕನಿ ಕುಸಿಯುವ ಅಪಾಯವುಂಟು. ಸರಳಿನ ಹೊರಗೆ ಸಾಕಷ್ಟು ಕಾಂಕ್ರೀಟಿನ ಹೊದಿಕೆಯೂ ಬೇಕು. 2000ದ ಭಾರತೀಯ ಮಾನಕ 456 ಸೌಮ್ಯ ವಾತಾವರಣಕ್ಕೆ 20 ಮಿ.ಮೀ. ಹೊದಿಕೆಯನ್ನು ಸೂಚಿಸುತ್ತದೆ. ಮುಂಬಯಿ, ಚೆನ್ನೈಗಳಂತಹ ಕಡಲತೀರದ ನಗರಗಳಲ್ಲಿ ಉಪ್ಪುಗಾಳಿಯಿಂದ ಉಕ್ಕು ಬೇಗ ತುಕ್ಕು ಹಿಡಿಯುವುದರಿಂದ ಅಲ್ಲಿ ಇನ್ನೂ ಹೆಚ್ಚಿನ ಹೊದಿಕೆ ಅಗತ್ಯ. ತುಕ್ಕು ಹಿಡಿದ ಉಕ್ಕು ಉಬ್ಬಿ ಕಾಂಕ್ರೀಟನ್ನು ಸೀಳುತ್ತದೆ.

ಸರಳುಗಳನ್ನು ಎಣಿಸುವುದು, ಅಂತರವನ್ನು ಅಳೆಯುವುದು, ಹೊದಿಕೆಗಾಗಿ ಇಟ್ಟ ಗಾರೆಯ ಬಿಲ್ಲೆಗಳನ್ನು ನೋಡುವುದು ಅರ್ಧ ಗಂಟೆಯ ಕೆಲಸ. ಕಾಂಕ್ರೀಟು ಗಟ್ಟಿಯಾದ ಮೇಲೆ ಆ ಅವಕಾಶ ಮತ್ತೆ ದೊರೆಯದು.