ಆಸ್ತಿ ಪಟ್ಟಿಯಲ್ಲಿ ಸಿಕ್ಕಿದ ಬಂಧುಬಳಗ

 

ಮನೆತನದ ಬೇರು ಹುಡುಕುವವರು ಇಂದು ಹಳೆಯ ಆಸ್ತಿ ದಾಖಲೆಗಳನ್ನೂ ಡಿಎನ್‌ಎ ಪರೀಕ್ಷೆಯನ್ನೂ ನೆಚ್ಚುತ್ತಾರೆ. ಮನೆಯ ಹಿರಿಯರು ಹೇಳಿಕೊಂಡು ಬಂದ ಮಾತನ್ನೂ ಇವೆರಡರ ಸಾಲಿನಲ್ಲೇ ಕೂರಿಸಬೇಕು ಎಂಬುದು ನನ್ನ ನಿಲುವು. ಅದಕ್ಕೆ ಅಮೆರಿಕದ ವರ್ಜೀನಿಯಾದ ಒಂದು ಪ್ರಸಂಗವನ್ನು ನಿಮ್ಮ ಮುಂದಿಡುತ್ತೇನೆ.

ಅಲ್ಲಿ ಗುಲಾಮಗಿರಿಯಿಂದ ಬಂದ ಕುಟುಂಬಗಳು ಪೂರ್ವಜರನ್ನು ಹುಡುಕುತ್ತ ಹೋದರೆ 1870ರ ಜನಗಣತಿಯಿಂದ ಹಿಂದಕ್ಕೆ ದಾರಿ ಕಡಿದುಹೋಗುತ್ತದೆ. 1850 ಮತ್ತು 1860ರ ಗುಲಾಮರ ಗಣತಿಯಲ್ಲಿ ಒಡೆಯನ ಹೆಸರಿನ ಕೆಳಗೆ ವಯಸ್ಸು, ಲಿಂಗ, ಬಣ್ಣ ಇವೆ. ಗುಲಾಮರ ಹೆಸರುಗಳು ಬಹುಪಾಲು ಇಲ್ಲವೇ ಇಲ್ಲ. ಹೆಸರು ಸಿಗುವುದು ಒಡೆಯ ತೀರಿಕೊಂಡಾಗಿನ ಉಯಿಲು, ಆಸ್ತಿ ಪಟ್ಟಿ, ಪಾಲುಪಟ್ಟಿ, ಹರಾಜಿನ ಲೆಕ್ಕಗಳಲ್ಲಿ. ದನಕರುಗಳ ಜೊತೆಗೆ ತಾಯಿ ಮಕ್ಕಳ ಹೆಸರು, ಪಕ್ಕದಲ್ಲಿ ಬೆಲೆ. ಮನುಷ್ಯರನ್ನು ಹಂಚಿಕೊಳ್ಳಲೆಂದು ಬರೆದ ಕಾಗದವೇ ಅವರ ಮರಿಮಕ್ಕಳಿಗೆ ಇಂದು ಬಂಧುತ್ವದ ಸಾಕ್ಷಿಯಾಗಿದೆ.

1773ರಲ್ಲಿ ಜಾನ್ ವೇಲ್ಸ್ ಎಂಬ ಜಮೀನ್ದಾರ ತೀರಿಕೊಂಡ. ಆಸ್ತಿ ಪಾಲಾದಾಗ ಎಲಿಜಬೆತ್ ಹೆಮಿಂಗ್ಸ್ ಎಂಬ ಗುಲಾಮ ಹೆಂಗಸು, ಆಕೆಯ ಮಕ್ಕಳು ವೇಲ್ಸನ ಮಗಳು ಮಾರ್ಥಾ ಮತ್ತು ಅಳಿಯ ಥಾಮಸ್ ಜೆಫರ್ಸನ್ ಪಾಲಿಗೆ ಬಂದರು. ಅವರಲ್ಲಿ ಕೈಗೂಸಾಗಿದ್ದವಳು ಸ್ಯಾಲಿ. ಅವಳ ತಂದೆ ವೇಲ್ಸನೇ ಎಂದು ಹೆಮಿಂಗ್ಸ್ ಮನೆಯವರು ಹೇಳುತ್ತ ಬಂದರು. ಅಂದರೆ ಮಾರ್ಥಾಳಿಗೆ ತನ್ನ ಅಪ್ಪನ ಮಗಳೇ ಆಸ್ತಿಯಾಗಿ ಪಾಲಿಗೆ ಬಂದಳು.

ಮುಂದೆ ಅಮೆರಿಕದ ಅಧ್ಯಕ್ಷನಾದ ಜೆಫರ್ಸನ್ ತನ್ನ ಮಾಂಟಿಚೆಲೊ ಎಸ್ಟೇಟಿನ ವಿವರಗಳನ್ನು ‘ಫಾರ್ಮ್ ಬುಕ್’ ಎಂಬ ಪುಸ್ತಕದಲ್ಲಿ ಬರೆದಿಟ್ಟ. ಸ್ಯಾಲಿಯ ಮಕ್ಕಳು ಅಲ್ಲಿದ್ದಾರೆ: 1798ರಲ್ಲಿ ಬೆವರ್ಲಿ, 1801ರಲ್ಲಿ ಹ್ಯಾರಿಯೆಟ್, 1805ರಲ್ಲಿ ಮ್ಯಾಡಿಸನ್, 1808ರಲ್ಲಿ ಎಸ್ಟನ್. ತಂದೆಯ ಹೆಸರು ಮಾತ್ರ ಇಲ್ಲ. ತಾವೆಲ್ಲ ಜೆಫರ್ಸನ್ ಮಕ್ಕಳೆಂದು ಮ್ಯಾಡಿಸನ್ 1873ರಲ್ಲಿ ಓಹಾಯೋದ ಪತ್ರಿಕೆಯೊಂದರಲ್ಲಿ ಹೇಳಿದ. ಜೆಫರ್ಸನ್ ಮೊಮ್ಮಕ್ಕಳು ಇದನ್ನು ಅಲ್ಲಗಳೆದು, ಅಜ್ಜನ ಸೋದರಳಿಯಂದಿರಾದ ಕಾರ್ ಸಹೋದರರ ಕಡೆ ಬೆರಳು ತೋರಿಸಿದರು. ಹೆಚ್ಚಿನ ಇತಿಹಾಸಕಾರರು ಬಹುಕಾಲ ಮೊಮ್ಮಕ್ಕಳ ಮಾತನ್ನೇ ನಂಬಿದರು. ಒಂದು ಮನೆಯ ಮಾತು ಸಾಕ್ಷಿ, ಇನ್ನೊಂದು ಮನೆಯದು ಗಾಳಿಮಾತು ಹೇಗಾಯಿತು ಎಂಬ ಪ್ರಶ್ನೆಯನ್ನು ಆನೆಟ್ ಗಾರ್ಡನ್-ರೀಡ್ 1997ರ ತಮ್ಮ ಪುಸ್ತಕದಲ್ಲಿ ಗಟ್ಟಿಯಾಗಿ ಎತ್ತಿದರು.

ಮರುವರ್ಷವೇ ‘ನೇಚರ್’ ಪತ್ರಿಕೆಯಲ್ಲಿ ಡಿಎನ್‌ಎ ಫಲಿತಾಂಶ ಬಂತು. ವೈ ವರ್ಣತಂತು ತಂದೆಯಿಂದ ಮಗನಿಗೆ ಬಹುಮಟ್ಟಿಗೆ ಬದಲಾಗದೆ ಇಳಿಯುತ್ತದೆ. ಮದುವೆಯ ಸಂಬಂಧದಲ್ಲಿ ಜೆಫರ್ಸನ್ ಗಂಡುಸಂತತಿ ಉಳಿದಿರಲಿಲ್ಲವಾದ್ದರಿಂದ ಅವನ ದೊಡ್ಡಪ್ಪ ಫೀಲ್ಡ್ ಜೆಫರ್ಸನ್ ವಂಶದವರ ರಕ್ತ ಪಡೆದರು. ಎಸ್ಟನ್ ವಂಶದ ಗಂಡುಮಗನೊಬ್ಬನ ವೈ ಅದಕ್ಕೆ ಹೊಂದಿತು; ಕಾರ್ ವಂಶದ್ದು ಹೊಂದಲಿಲ್ಲ. ಜೆಫರ್ಸನ್ ಸಂತತಿಯೆಂದು ತಲೆಮಾರುಗಳಿಂದ ನಂಬಿದ್ದ ವುಡ್ಸನ್ ಮನೆತನದ್ದೂ ಹೊಂದಲಿಲ್ಲ. ಹಿರಿಯರ ಮಾತನ್ನು ಗೌರವಿಸುವುದೆಂದರೆ ಅದನ್ನು ಒರೆಗೆ ಹಚ್ಚುವುದೂ ಹೌದು ಎಂಬುದಕ್ಕೆ ಇದು ನಿದರ್ಶನ.

ಆದರೆ ಅದೇ ವೈ ಜೆಫರ್ಸನ್ ತಮ್ಮ ರ‍್ಯಾಂಡಾಲ್ಫ್‌ನಲ್ಲೂ ಇತ್ತು. ತಂದೆ ಇಂಥವನೇ ಎಂದು ಪರೀಕ್ಷೆಯೊಂದೇ ಹೇಳಲಾರದು. ಆಗ ನೆರವಿಗೆ ಬಂದದ್ದು ಮತ್ತೆ ಕಾಗದ. ಸದಾ ಊರೂರು ತಿರುಗುತ್ತಿದ್ದ ಜೆಫರ್ಸನ್, ಸ್ಯಾಲಿ ಬಸಿರಾದ ಒಂದೊಂದು ಸಲವೂ ಮಾಂಟಿಚೆಲೊದಲ್ಲೇ ಇದ್ದ ಎಂದು ಅವನ ದಾಖಲೆಗಳೇ ತೋರಿಸಿದವು. ಇವೆಲ್ಲವನ್ನೂ ಮ್ಯಾಡಿಸನ್ ಮಾತಿನೊಂದಿಗೆ ತೂಗಿ ನೋಡಿದ ಮಾಂಟಿಚೆಲೊ ಸಂಸ್ಥೆ, ಆ ಮಕ್ಕಳ ತಂದೆ ಜೆಫರ್ಸನ್ ಆಗಿರುವ ಸಾಧ್ಯತೆಯೇ ಬಲವಾದದ್ದು ಎಂದು 2000ದಲ್ಲಿ ಒಪ್ಪಿತು. ಒಪ್ಪದವರು ಈಗಲೂ ಇದ್ದಾರೆ. ಆದರೆ ಮೂರೂ ಆಧಾರಗಳು ಒಂದೇ ಕಡೆ ಮುಖ ಮಾಡಿವೆ.

ಈ ಪಾಠ ನಮಗೂ ಬೇಕಾದದ್ದು. ನಮ್ಮ ಹೆಳವರು ಊರಿಂದೂರಿಗೆ ಹೋಗಿ ಒಕ್ಕಲು ಮನೆತನಗಳ ತಲೆಮಾರುಗಳನ್ನು ಒಪ್ಪಿಸುತ್ತ, ಹೊಸದಾಗಿ ಹುಟ್ಟಿದವರನ್ನು ಸೇರಿಸಿಕೊಳ್ಳುತ್ತ ಬಂದವರು. ಆ ಜ್ಞಾನ ಅವರೊಂದಿಗೇ ಹೋಗುವ ಮೊದಲು ದಾಖಲಾಗಬೇಕು. ಪೌತಿ ಖಾತೆಗೆಂದು ವಂಶವೃಕ್ಷ ಬರೆಸುವಾಗ ಮದುವೆಯಾಗಿ ಹೋದ ಹೆಣ್ಣುಮಕ್ಕಳ ಹೆಸರನ್ನು ಬಿಡುವ ಚಾಳಿ ನಿಲ್ಲಬೇಕು. ಇಂದು ಬಿಟ್ಟ ಹೆಸರಿಗಾಗಿ ನಾಳೆ ಅವರ ಮೊಮ್ಮಕ್ಕಳು ಪರದಾಡಬೇಕಾಗುತ್ತದೆ.

ಡಿಎನ್‌ಎ ಪರೀಕ್ಷೆಗೆ ಮುಂದಾಗುವವರಿಗೂ ಒಂದು ವಿನಂತಿ. ಎಂಜಲು ನಿಮ್ಮದೇ ಆದರೂ ಅದರಲ್ಲಿ ಬಯಲಾಗುವ ಗುಟ್ಟು ಅಣ್ಣತಮ್ಮಂದಿರದ್ದು, ಅಕ್ಕತಂಗಿಯರದ್ದೂ ಹೌದು. ಮೊದಲು ಮನೆಯವರೊಡನೆ ಮಾತಾಡಿ. ಅನಿರೀಕ್ಷಿತ ಸಂಬಂಧವೊಂದು ಹೊರಬಿದ್ದರೆ ಯಾರ ಮಾನಕ್ಕೂ ಕುಂದು ಬಾರದಂತೆ ನಡೆದುಕೊಳ್ಳಿ.

ಬರೆಯುವ ಅಧಿಕಾರ ಇದ್ದವರ ಮಾತಷ್ಟೇ ಇತಿಹಾಸವಲ್ಲ. ಹೆಸರು ಬರೆಸಿಕೊಳ್ಳುವ ಹಕ್ಕೂ ಇಲ್ಲದಿದ್ದವರ ಮಾತಿಗೆ ಕಿವಿಗೊಟ್ಟು, ಅದನ್ನು ಪ್ರಾಮಾಣಿಕವಾಗಿ ಪರೀಕ್ಷಿಸಿ, ಸಲ್ಲಬೇಕಾದ ಜಾಗದಲ್ಲಿ ಬರೆದಿಡುವುದು ನಮ್ಮ ಕರ್ತವ್ಯ. ವಂಶಾವಳಿಯ ಅಧ್ಯಯನದಲ್ಲಿ ತೊಡಗಿರುವವರ ಈ ಸಮ್ಮೇಳನ ಆ ಕೆಲಸಕ್ಕೆ ಕೈಹಾಕಲಿ ಎಂದು ಹಾರೈಸುತ್ತೇನೆ.